ಕ್ರಿಟ್ ರೇಟಾ, ಕ್ರಿಟ್ ಡ್ಯಾಮೇಜಾ? ಲೆಕ್ಕ ಹಾಕಿ ಬಿಲ್ಡ್ ಕಟ್ಟುವ ಸಮಗ್ರ ಮಾರ್ಗದರ್ಶಿ

ಒಂದು ಕಾಲದಲ್ಲಿ ನಾನು ಆಡುತ್ತಿದ್ದ ವಿಡಿಯೋ ಗೇಮ್‌ನಲ್ಲಿ ನನ್ನ ಮುಖ್ಯ ಪಾತ್ರದ ಕ್ರಿಟ್ ರೇಟ್ (ಏಟು ಮಾಮೂಲಿಗಿಂತ ಜೋರಾಗಿ ಬೀಳುವ ಸಾಧ್ಯತೆ) 62% ಇತ್ತು, ಕ್ರಿಟ್ ಡ್ಯಾಮೇಜ್ (ಹಾಗೆ ಬಿದ್ದಾಗ ಸಿಗುವ ಹೆಚ್ಚುವರಿ) 150% ಇತ್ತು. 'ರೇಟ್ ಒಂದಕ್ಕೆ ಡ್ಯಾಮೇಜ್ ಎರಡು ಇರಬೇಕು' ಅಂತ ಎಲ್ಲೋ ಓದಿದ್ದೆ. 62ಕ್ಕೆ 124 ಸಾಕಲ್ವಾ, 150 ಯಾಕೆ ಅಂದುಕೊಂಡೆ. ಒಂದು ಸಂಜೆ ಪೂರ್ತಿ ಕೂತು ಗೇರ್ (ಪಾತ್ರಕ್ಕೆ ಹಾಕುವ ಆಯುಧ, ತೊಡುಗೆ) ಬದಲಾಯಿಸಿ 60ಕ್ಕೆ 120 ಮಾಡಿದೆ. ಅನುಪಾತ ಅಳೆದು ಕತ್ತರಿಸಿದ ಹಾಗೆ ಬಂತು. ಆದರೆ ನಿನ್ನೆ ಸಲೀಸಾಗಿ ಸತ್ತಿದ್ದ ಬಾಸ್ (ದೊಡ್ಡ ಶತ್ರು) ಇವತ್ತು ಸಾಯಲಿಲ್ಲ. ಆಮೇಲೆ ಲೆಕ್ಕ ಹಾಕಿದೆ. ಕೈಯಾರೆ 11% ಡ್ಯಾಮೇಜ್ ಕಳೆದುಕೊಂಡಿದ್ದೆ.

ತಪ್ಪು ಆ ಸೂತ್ರದ್ದಲ್ಲ, ನಾನು ಅದನ್ನು ತಿರುಗಿಸಿ ಹಿಡಿದಿದ್ದೆ. ಒಂದಕ್ಕೆ ಎರಡು ಅನ್ನೋದು ಒಂದು ಲೆಕ್ಕದ ಉತ್ತರ. ಲೆಕ್ಕದಲ್ಲಿರುವ ಬೆಲೆಗಳು ಬದಲಾದರೆ ಉತ್ತರವೂ ಬದಲಾಗುತ್ತದೆ. ಆ ಲೆಕ್ಕ ಹಿಡಿದು ಬಿಲ್ಡ್, ಅಂದರೆ ಪಾತ್ರದ ಗೇರ್ ಜೋಡಣೆ, ಕಟ್ಟುವುದು ಕಷ್ಟದ್ದೇನಲ್ಲ, ಫೋನಿನ ಕ್ಯಾಲ್ಕುಲೇಟರ್ ಸಾಕು.

ಹಂತ 1: ನಿಮ್ಮ ಆಟ 'ಕ್ರಿಟ್' ಅಂದರೆ ಏನು ಹೇಳುತ್ತಿದೆ, ನೋಡಿ

ಕ್ರಿಟ್ ರೇಟ್ ಅಂದರೆ ಒಂದು ಏಟು ಕ್ರಿಟಿಕಲ್ ಆಗುವ ಸಾಧ್ಯತೆ. ಕ್ರಿಟ್ ಡ್ಯಾಮೇಜ್ ಅಂದರೆ ಹಾಗೆ ಆದಾಗ ಎಷ್ಟು ಜಾಸ್ತಿ ಬೀಳುತ್ತದೆ ಅನ್ನುವುದು. ಇಷ್ಟು ಎಲ್ಲ ಆಟಗಳಿಗೂ ಒಂದೇ. ಇಲ್ಲಿಂದ ಮುಂದೆ ಒಂದೊಂದು ಆಟದ್ದು ಒಂದೊಂದು ದಾರಿ.

ಗೆನ್ಶಿನ್ ಇಂಪ್ಯಾಕ್ಟ್ ಮತ್ತು ಹೊಂಕೈ: ಸ್ಟಾರ್ ರೈಲ್ ಎರಡರಲ್ಲೂ ಪಾತ್ರಗಳು ಸಾಮಾನ್ಯವಾಗಿ 5% ರೇಟ್, 50% ಡ್ಯಾಮೇಜ್‌ನಿಂದ ಶುರುವಾಗುತ್ತವೆ. ಇಲ್ಲಿ 50% ಅಂದರೆ ಮಾಮೂಲಿ ಏಟಿನ ಮೇಲೆ ಇನ್ನೂ ಅರ್ಧ. 1000 ಬೀಳುವ ಕಡೆ 1500. ಪಾತ್ ಆಫ್ ಎಕ್ಸೈಲ್‌ನಲ್ಲಿ ಅದೇ ವಿಷಯವನ್ನು 150% ಅಂತ ಬರೆದಿರುತ್ತಾರೆ, ಯಾಕೆಂದರೆ ಅಲ್ಲಿ ಒಟ್ಟು ಏಟನ್ನು ಹೇಳುತ್ತಾರೆ. ಎರಡೂ 1500ನೇ. ಒಂದು ಆಟದಿಂದ ಇನ್ನೊಂದಕ್ಕೆ ಹೋದವರು ಮೊದಲು ಎಡವುವುದು ಇಲ್ಲೇ. ಈ ಲೇಖನದಲ್ಲಿ ಕ್ರಿಟ್ ಡ್ಯಾಮೇಜ್ ಅಂದಾಗೆಲ್ಲ 'ಮೇಲಿನ ಭಾಗ' ಅಂತಲೇ ಓದಿಕೊಳ್ಳಿ. ನಿಮ್ಮ ಆಟ ಒಟ್ಟು ತೋರಿಸುತ್ತಿದ್ದರೆ 100 ಕಳೆಯಿರಿ.

ಎರಡನೇ ಹಳ್ಳ: ಕೂಡುವುದೋ, ಗುಣಿಸುವುದೋ? ಪಾತ್ ಆಫ್ ಎಕ್ಸೈಲ್‌ನಲ್ಲಿ ಆಯುಧದ ಮೂಲ ಕ್ರಿಟ್ 5% ಇದೆ ಅಂದುಕೊಳ್ಳಿ. 'ಕ್ರಿಟ್ ಸಾಧ್ಯತೆ 20% ಹೆಚ್ಚಳ' ಅಂತ ಗೇರ್ ಮೇಲೆ ಬರೆದಿದ್ದರೆ ಅದು 25% ಆಗುವುದಿಲ್ಲ, 6% ಆಗುತ್ತದೆ. 5ರ ಮೇಲೆ 20%, ಅಷ್ಟೇ. 6% ಮೂಲದ ಆಯುಧಕ್ಕೆ 300% ಹೆಚ್ಚಳ ಸಿಕ್ಕಿದರೆ 24%. ಅದಕ್ಕೇ ಅಲ್ಲಿ ಮೂಲ ಕ್ರಿಟ್ ಜಾಸ್ತಿ ಇರುವ ಆಯುಧ ಹಿಡಿಯುವುದೇ ಅರ್ಧ ಕೆಲಸ.

ಕೆಲವು ಆಟಗಳಲ್ಲಿ ಸಮತೋಲನದ ಪ್ರಶ್ನೆಯೇ ಹುಟ್ಟುವುದಿಲ್ಲ. ಫೈನಲ್ ಫ್ಯಾಂಟಸಿ 14ರಲ್ಲಿ ಕ್ರಿಟ್ ಅನ್ನೋ ಒಂದೇ ಸ್ಟ್ಯಾಟ್ (ಪಾತ್ರದ ಬಲ ಹೇಳುವ ಅಂಕಿ) ರೇಟನ್ನೂ ಏರಿಸುತ್ತದೆ, ಡ್ಯಾಮೇಜನ್ನೂ ಏರಿಸುತ್ತದೆ. ಮಾನ್ಸ್ಟರ್ ಹಂಟರ್: ವರ್ಲ್ಡ್‌ನಲ್ಲಿ ಕ್ರಿಟ್ ರೇಟ್‌ನ ಹೆಸರೇ ಅಫಿನಿಟಿ. ಕ್ರಿಟ್ ಆದರೆ 25% ಜಾಸ್ತಿ, ಕ್ರಿಟಿಕಲ್ ಬೂಸ್ಟ್ ಸ್ಕಿಲ್ ಪೂರ್ತಿ ಏರಿಸಿದರೂ 40%ಗೇ ನಿಲ್ಲುತ್ತದೆ. ಅಫಿನಿಟಿ ಮೈನಸ್ ಇದ್ದರೆ ಏಟು 25% ಕಮ್ಮಿ ಬೀಳುವುದೂ ಉಂಟು. ಇಲ್ಲಿ 'ಒಂದಕ್ಕೆ ಎರಡು' ಅಂತ ಹುಡುಕಿದರೆ ಸುಮ್ನೆ ಸಮಯ ಹಾಳು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಥರದ ಆಟಗಳಲ್ಲಿ ಗೇರ್ ಮೇಲಿರುವುದು ಶೇಕಡಾ ಅಲ್ಲ, ಶೇಕಡಾಗೆ ಬದಲಾಗುವ ರೇಟಿಂಗ್ ಅನ್ನೋ ಅಂಕ. ಲೆವೆಲ್ ಏರಿದ ಹಾಗೆ ಅದೇ ರೇಟಿಂಗ್‌ಗೆ ಸಿಗುವ ಶೇಕಡಾ ಇಳಿಯುತ್ತದೆ. ಒಂದು ಮಟ್ಟ ದಾಟಿದ ಮೇಲೆ ಒಂದು ಶೇಕಡಾಗೆ ಕೊಡಬೇಕಾದ ಬೆಲೆಯೇ ಏರುತ್ತದೆ.

ಆಟದ ವಿವರಣೆಯನ್ನು ಕಣ್ಣು ಮುಚ್ಚಿ ನಂಬಬೇಡಿ ಅನ್ನುವುದಕ್ಕೆ ಒಂದು ಹಳೆಯ ಕಥೆ. 1996ರಲ್ಲಿ ಬಂದ ಮೊದಲ ಪೋಕೆಮಾನ್ ಆಟಗಳಲ್ಲಿ ಫೋಕಸ್ ಎನರ್ಜಿ ಅನ್ನೋ ಮೂವ್ ಇತ್ತು. ಕ್ರಿಟ್ ಸಾಧ್ಯತೆ ಏರಿಸಬೇಕಿದ್ದ ಆ ಮೂವ್, ಕೋಡಿನಲ್ಲಿದ್ದ ತಪ್ಪಿನಿಂದ ಅದನ್ನು ನಾಲ್ಕನೇ ಒಂದು ಭಾಗಕ್ಕೆ ಇಳಿಸುತ್ತಿತ್ತು. ಪಾಪ, ಎಷ್ಟು ಮಕ್ಕಳು ಒಂದು ಟರ್ನ್ (ಸರದಿ) ದಂಡ ಮಾಡಿ ತಮ್ಮ ಕಾಲಿಗೆ ತಾವೇ ಕೊಡಲಿ ಹಾಕಿಕೊಂಡರೋ.

ಹಂತ 2: ನಿಮ್ಮ ಏಟು ಕ್ರಿಟ್ ಆಗುತ್ತದಾ?

ಬಿಟ್ಟುಬಿಡಬೇಡಿ, ಈ ಹಂತಕ್ಕೆ ಎರಡು ನಿಮಿಷ ಸಾಕು. ಸ್ಟಾರ್ ರೈಲ್‌ನಲ್ಲಿ ಸುಡುವುದು, ರಕ್ತ ಸುರಿಯುವುದು ಮುಂತಾದ ಟರ್ನ್‌ಗೆ ಒಮ್ಮೆ ಬೀಳುವ ಡ್ಯಾಮೇಜ್ ಕ್ರಿಟ್ ಆಗುವುದಿಲ್ಲ. ಶತ್ರುವಿನ ಗಟ್ಟಿತನ ಒಡೆದಾಗ ಬೀಳುವ ಬ್ರೇಕ್ ಡ್ಯಾಮೇಜೂ ಆಗುವುದಿಲ್ಲ. ಗೆನ್ಶಿನ್‌ನಲ್ಲಿ ಸ್ವರ್ಲ್, ಓವರ್‌ಲೋಡ್ ಥರದ ರಿಯಾಕ್ಷನ್‌ಗಳು (ಎರಡು ಧಾತು ಸೇರಿದಾಗ ಆಗುವ ಪರಿಣಾಮ) ಮಾಮೂಲಾಗಿ ಕ್ರಿಟ್ ಆಗುವುದಿಲ್ಲ. ಅಂಥ ಪಾತ್ರಕ್ಕೆ ಕ್ರಿಟ್ ತುಂಬಿಸುವುದು ತೂತು ಕೊಡಕ್ಕೆ ನೀರು ಹೊಯ್ದ ಹಾಗೆ. ಅತಿರೇಕದ ಉದಾಹರಣೆ ಗೆನ್ಶಿನ್‌ನ ಕೊಕೊಮಿ ಅನ್ನೋ ಪಾತ್ರ. ಆಕೆಯ ಒಂದು ಪ್ಯಾಸಿವ್ (ತಾನಾಗಿ ಕೆಲಸ ಮಾಡುವ) ಗುಣ ಹೀಲಿಂಗ್ ಅನ್ನು 25% ಏರಿಸಿ, ಕ್ರಿಟ್ ರೇಟನ್ನು 100% ಇಳಿಸಿಬಿಡುತ್ತದೆ.

ಇದರ ತಿರುವು ಮುರುವೂ ಇದೆ. ಗೆನ್ಶಿನ್‌ನ ಫಾವೋನಿಯಸ್ ಸರಣಿಯ ಆಯುಧಗಳು ಕ್ರಿಟ್ ಆದಾಗ ಎನರ್ಜಿ ಕಣಗಳನ್ನು ಹುಟ್ಟಿಸುತ್ತವೆ. ಅದನ್ನು ಹಿಡಿದ ಸಪೋರ್ಟ್ (ತಂಡಕ್ಕೆ ನೆರವಾಗುವ) ಪಾತ್ರಕ್ಕೆ ರೇಟ್ ಬೇಕೇ ಬೇಕು, ಡ್ಯಾಮೇಜ್ ಸೊನ್ನೆ ಇದ್ದರೂ ನಷ್ಟವಿಲ್ಲ. ಅಲ್ಲಿ ಅನುಪಾತ ನೋಡುತ್ತಾ ಕೂರಬೇಡಿ.

ಹಂತ 3: ಸರಾಸರಿ ಏಟಿನ ಲೆಕ್ಕ

ಸೂತ್ರ ಒಂದೇ ಸಾಲು:

ಸರಾಸರಿ ಗುಣಕ = 1 + (ಕ್ರಿಟ್ ರೇಟ್ × ಕ್ರಿಟ್ ಡ್ಯಾಮೇಜ್)

ಶೇಕಡಾವನ್ನು ದಶಮಾಂಶ ಮಾಡಿಕೊಳ್ಳಿ. 60% ಅಂದರೆ 0.6, 120% ಅಂದರೆ 1.2. ಗುಣಿಸಿದರೆ 0.72, ಒಂದು ಕೂಡಿದರೆ 1.72. ಅಂದರೆ ಕ್ರಿಟ್ ಇಲ್ಲದೆ 1000 ಬೀಳುತ್ತಿದ್ದ ಏಟು ಸರಾಸರಿಗೆ 1720. ನನ್ನ ಹಳೆಯ 62/150ಕ್ಕೆ 1.93 ಬರುತ್ತದೆ. 1.72 ಭಾಗಿಸು 1.93 ಮಾಡಿ ನೋಡಿ, ಮೇಲೆ ಹೇಳಿದ 11% ನಷ್ಟ ಅಲ್ಲಿದೆ.

ಎರಡು ಸ್ಟ್ಯಾಟ್‌ಗಳು ಒಂದನ್ನೊಂದು ಗುಣಿಸುತ್ತವೆ ಅನ್ನುವುದೇ ಇಲ್ಲಿ ಮುಖ್ಯ. ಒಂದು ಸೊನ್ನೆಯಾದರೆ ಇನ್ನೊಂದು ಎಷ್ಟಿದ್ದರೂ ಸೊನ್ನೆ. ಎರಡನ್ನೂ ದುಪ್ಪಟ್ಟು ಮಾಡಿದರೆ ಕ್ರಿಟ್‌ನ ಲಾಭ ನಾಲ್ಕು ಪಟ್ಟಾಗುತ್ತದೆ. ಅದಕ್ಕೇ ಶುರುವಿನಲ್ಲಿ ಕ್ರಿಟ್ ಸಪ್ಪೆ ಅನಿಸುತ್ತದೆ, ಗೇರ್ ಬೆಳೆದ ಹಾಗೆ ಅದರ ರುಚಿ ಗೊತ್ತಾಗುತ್ತದೆ.

ಹಂತ 4: ಬೆಲೆ ಎಷ್ಟು?

ನನ್ನ ಪ್ರಕಾರ ಇಡೀ ವಿಷಯದ ತಿರುಳು ಇದು. 'ಯಾವ ಅನುಪಾತ ಒಳ್ಳೆಯದು' ಅಂತ ಕೇಳುವ ಮೊದಲು, 'ಒಂದು ಶೇಕಡಾ ರೇಟ್ ಬಿಟ್ಟುಕೊಟ್ಟರೆ ಎಷ್ಟು ಶೇಕಡಾ ಡ್ಯಾಮೇಜ್ ಸಿಗುತ್ತದೆ' ಅಂತ ಕೇಳಿ.

ಗೆನ್ಶಿನ್‌ನಲ್ಲಿ ಐದು ನಕ್ಷತ್ರದ ಆರ್ಟಿಫ್ಯಾಕ್ಟ್‌ನಲ್ಲಿ (ಪಾತ್ರ ತೊಡುವ ಗೇರ್) ಸಬ್‌ಸ್ಟ್ಯಾಟ್‌ನ (ಮುಖ್ಯ ಸ್ಟ್ಯಾಟ್ ಜೊತೆ ಬರುವ ಉಪ ಸ್ಟ್ಯಾಟ್) ಒಂದು ಒಳ್ಳೆಯ ರೋಲ್ (ಅದೃಷ್ಟದಿಂದ ಸಿಗುವ ಒಂದು ಏರಿಕೆ) ಅಂದರೆ 3.9% ರೇಟ್, ಇಲ್ಲವೇ 7.8% ಡ್ಯಾಮೇಜ್. ಪೂರ್ತಿ ಏರಿಸಿದ ಸರ್ಕ್ಲೆಟ್‌ನಲ್ಲಿ (ತಲೆಗೆ ಹಾಕುವ ಆರ್ಟಿಫ್ಯಾಕ್ಟ್) 31.1% ರೇಟ್, ಇಲ್ಲವೇ 62.2% ಡ್ಯಾಮೇಜ್. ಎಲ್ಲಿ ನೋಡಿದರೂ ಒಂದಕ್ಕೆ ಎರಡು. ಸ್ಟಾರ್ ರೈಲ್‌ನಲ್ಲೂ ಹಾಗೇ: ಬಾಡಿ ಅನ್ನೋ ಗೇರ್ ಭಾಗದಲ್ಲಿ 32.4% ಅಥವಾ 64.8%. ಬೆಲೆ ಒಂದಕ್ಕೆ ಎರಡು ಇರುವುದರಿಂದ ಉತ್ತರವೂ ಒಂದಕ್ಕೆ ಎರಡು ಬಂತು, ಬೇರೆ ಮಾಯೆ ಏನಿಲ್ಲ.

ಆಟಗಾರರು ಇದಕ್ಕೇ 'ಕ್ರಿಟ್ ವ್ಯಾಲ್ಯೂ' ಅಂತ ಒಂದು ಅಳತೆ ಮಾಡಿಕೊಂಡಿದ್ದಾರೆ: ರೇಟ್‌ನ ಎರಡು ಪಟ್ಟು, ಜೊತೆಗೆ ಡ್ಯಾಮೇಜ್. ಒಟ್ಟು ವ್ಯಾಲ್ಯೂ 200 ಇದೆ ಅಂದುಕೊಂಡು ಬೇರೆ ಬೇರೆ ರೀತಿ ಹಂಚಿ ನೋಡೋಣ:

30% ರೇಟ್, 140% ಡ್ಯಾಮೇಜ್: 1.42
40% ರೇಟ್, 120% ಡ್ಯಾಮೇಜ್: 1.48
50% ರೇಟ್, 100% ಡ್ಯಾಮೇಜ್: 1.50
60% ರೇಟ್, 80% ಡ್ಯಾಮೇಜ್: 1.48
70% ರೇಟ್, 60% ಡ್ಯಾಮೇಜ್: 1.42

ನಡುವಿನದೇ ಎತ್ತರ, ಸರಿ. ಆದರೆ ಅಕ್ಕಪಕ್ಕದ ಸಾಲುಗಳನ್ನು ನೋಡಿ. ಹತ್ತು ಶೇಕಡಾ ಆಚೆ ಈಚೆ ಆದರೂ ನಷ್ಟ 1.3% ಮಾತ್ರ. ಗುಡ್ಡದ ತುದಿ ಚೂಪಾಗಿಲ್ಲ, ಚಪ್ಪಟೆಯಾಗಿದೆ. ಹಾಗಾಗಿ ಅನುಪಾತ ಸರಿಮಾಡಲು ಒಟ್ಟು ವ್ಯಾಲ್ಯೂ ಕಳೆದುಕೊಂಡರೆ ನಷ್ಟವೇ. ನಾನು ಮಾಡಿದ್ದು ಅದನ್ನೇ: 274 ಇದ್ದ ವ್ಯಾಲ್ಯೂವನ್ನು 240ಕ್ಕೆ ಇಳಿಸಿ 'ಆಹಾ, ಸಮವಾಯಿತು' ಅಂತ ಬೆನ್ನು ತಟ್ಟಿಕೊಂಡಿದ್ದೆ.

ಈಗ ಬೆಲೆ ಬೇರೆ ಇರುವ ಕಡೆ ಹೋಗೋಣ. 2012ರಲ್ಲಿ ಬಂದ ಡಯಾಬ್ಲೊ 3ರಲ್ಲಿ ಒಂದಕ್ಕೆ ಹತ್ತು ಅನ್ನುವ ಮಾತು ಓಡಾಡುತ್ತಿತ್ತು. ತಾಯಿತದಲ್ಲಿ ಅತಿ ಹೆಚ್ಚು ಅಂದರೆ 10% ರೇಟ್ ಅಥವಾ 100% ಡ್ಯಾಮೇಜ್ ಸಿಗುತ್ತಿತ್ತು, ಒಂದಕ್ಕೆ ಹತ್ತು ಅಲ್ಲಿಂದ ಬಂದದ್ದು. ಆದರೆ ಅದೇ ಆಟದ ಕೈಗವಸಿನಲ್ಲಿ 10% ರೇಟ್ ಅಥವಾ 50% ಡ್ಯಾಮೇಜ್. ಉಂಗುರದಲ್ಲಿ 6% ಅಥವಾ 50%. ಒಂದೇ ಪಾತ್ರ, ಮೂರು ಅಂಗಡಿ, ಮೂರು ಬೆಲೆ.

ನಿಮ್ಮ ಪಾತ್ರ ಈಗ 50% ರೇಟ್, 400% ಡ್ಯಾಮೇಜ್‌ನಲ್ಲಿದೆ ಅಂದುಕೊಳ್ಳಿ. ಕೈಗವಸಿನಲ್ಲಿ ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ? ರೇಟ್ ತೆಗೆದುಕೊಂಡರೆ 0.10 × 4.0, ಅಂದರೆ ಗುಣಕಕ್ಕೆ 0.40 ಸೇರುತ್ತದೆ. ಡ್ಯಾಮೇಜ್ ತೆಗೆದುಕೊಂಡರೆ 0.50 × 0.5, ಅಂದರೆ 0.25. ರೇಟ್ ಗೆದ್ದಿತು. ಅದೇ ಪಾತ್ರದ ತಾಯಿತದಲ್ಲಿ? ರೇಟ್‌ಗೆ ಮತ್ತೆ 0.40, ಡ್ಯಾಮೇಜ್‌ಗೆ 1.0 × 0.5, ಅಂದರೆ 0.50. ಇಲ್ಲಿ ಡ್ಯಾಮೇಜ್ ಗೆದ್ದಿತು. ಎಲ್ಲಿ ಯಾವುದು ಅಗ್ಗವೋ ಅಲ್ಲಿ ಅದನ್ನು ಕೊಳ್ಳಬೇಕು.

ಹಂತ 5: ಮುಂದಿನ ಒಂದು ರೋಲ್‌ನ ಲೆಕ್ಕ

ಮೇಲೆ ಮಾಡಿದ್ದನ್ನೇ ನಿಯಮವಾಗಿ ಹೇಳಿದರೆ ಹೀಗೆ. ರೇಟ್ ಏರಿದಾಗ ಸಿಗುವ ಲಾಭ = ಏರಿದ ರೇಟ್ × ಈಗಿರುವ ಡ್ಯಾಮೇಜ್. ಡ್ಯಾಮೇಜ್ ಏರಿದಾಗ ಸಿಗುವ ಲಾಭ = ಏರಿದ ಡ್ಯಾಮೇಜ್ × ಈಗಿರುವ ರೇಟ್. ಎರಡರಲ್ಲಿ ದೊಡ್ಡದು ಯಾವುದೋ ಅದನ್ನು ಹಾಕಿ.

ಸರ್ಕ್ಲೆಟ್ ಆರಿಸುವಾಗ ಇದು ತುಂಬಾ ಕೆಲಸಕ್ಕೆ ಬರುತ್ತದೆ. ಸರ್ಕ್ಲೆಟ್ ತೆಗೆದು ಪಕ್ಕಕ್ಕಿಡಿ. ಉಳಿದ ಗೇರ್‌ನಲ್ಲಿ ಪಾತ್ರ 45/110 ತೋರಿಸುತ್ತಿದೆ ಅನ್ನೋಣ. ರೇಟ್ ಸರ್ಕ್ಲೆಟ್ ಹಾಕಿದರೆ 76.1/110, ಗುಣಕ 1.837. ಡ್ಯಾಮೇಜ್ ಸರ್ಕ್ಲೆಟ್ ಹಾಕಿದರೆ 45/172.2, ಗುಣಕ 1.775. ರೇಟ್ ಸರ್ಕ್ಲೆಟ್ 3.5% ಮುಂದೆ.

ಇನ್ನೊಂದು ಪಾತ್ರ 65/90ರಲ್ಲಿದೆ. ರೇಟ್ ಸರ್ಕ್ಲೆಟ್‌ಗೆ 96.1/90, ಗುಣಕ 1.865. ಡ್ಯಾಮೇಜ್ ಸರ್ಕ್ಲೆಟ್‌ಗೆ 65/152.2, ಗುಣಕ 1.989. ಇಲ್ಲಿ ಡ್ಯಾಮೇಜ್ ಸರ್ಕ್ಲೆಟ್ ಸುಮಾರು 6.7% ಮುಂದೆ. ಹಾಗಾಗಿ 'ಯಾವಾಗಲೂ ರೇಟ್ ಸರ್ಕ್ಲೆಟ್ ಹಾಕಿ' ಅಂತ ಯಾರಾದರೂ ಹೇಳಿದರೆ, ಅವರು ನಿಮ್ಮ ಪಾತ್ರ ನೋಡಿಲ್ಲ ಅಂತಲೇ ಅರ್ಥ.

ಇದು ಸರ್ಕ್ಲೆಟ್‌ನ ಮುಖ್ಯ ಸ್ಟ್ಯಾಟ್ ಮಾತ್ರ ಹೋಲಿಸಿದ ಲೆಕ್ಕ. ನಿಮ್ಮ ಹತ್ತಿರ ಇರುವ ರೇಟ್ ಸರ್ಕ್ಲೆಟ್‌ನ ಸಬ್‌ಸ್ಟ್ಯಾಟ್‌ಗಳು ಚೆನ್ನಾಗಿದ್ದು, ಡ್ಯಾಮೇಜ್ ಸರ್ಕ್ಲೆಟ್‌ನವು ಹಾಳಾಗಿದ್ದರೆ ಪೂರ್ತಿ ಅಂಕಿ ಹಾಕಿ ಹೋಲಿಸಿ.

ಹಂತ 6: ಸ್ಟ್ಯಾಟ್ ಪರದೆಯನ್ನಲ್ಲ, ಯುದ್ಧವನ್ನು ನೋಡಿ

ಸ್ಟ್ಯಾಟ್ ಪರದೆಯಲ್ಲಿ ಕಾಣುವುದು ಪಾತ್ರ ಸುಮ್ಮನೆ ನಿಂತಿರುವಾಗಿನ ಅಂಕಿ. ಹೊಡೆದಾಟದಲ್ಲಿ ಸೇರುವ ಷರತ್ತಿನ ಕ್ರಿಟ್ ಅಲ್ಲಿ ಕಾಣುವುದಿಲ್ಲ.

ಗೆನ್ಶಿನ್‌ನ ಬ್ಲಿಝರ್ಡ್ ಸ್ಟ್ರೇಯರ್ ಆರ್ಟಿಫ್ಯಾಕ್ಟ್ ಸೆಟ್ ನೋಡಿ. ನಾಲ್ಕು ಭಾಗ ಹಾಕಿದರೆ, ಕ್ರಯೊ (ಹಿಮದ ಧಾತು) ತಗುಲಿದ ಶತ್ರುವಿನ ಮೇಲೆ ರೇಟ್ 20% ಏರುತ್ತದೆ. ಶತ್ರು ಪೂರ್ತಿ ಹೆಪ್ಪುಗಟ್ಟಿದ್ದರೆ ಇನ್ನೂ 20%. ತಂಡದಲ್ಲಿ ಇಬ್ಬರು ಕ್ರಯೊ ಪಾತ್ರಗಳಿದ್ದರೆ ರೆಸೊನೆನ್ಸ್‌ನಿಂದ ಮತ್ತೆ 15%. ಮೂಲದ 5% ಸೇರಿಸಿದರೆ ಗೇರ್‌ನ ಸಬ್‌ಸ್ಟ್ಯಾಟ್ ಮುಟ್ಟುವ ಮೊದಲೇ 60%. ಇನ್ನು ಬೇಕಾಗಿರುವುದು 40% ಮಾತ್ರ. ಸ್ಟ್ಯಾಟ್ ಪರದೆಯಲ್ಲಿ 45% ಅಂತ ಬಡಪಾಯಿ ಥರ ಕಾಣುವ ಪಾತ್ರ, ಹೆಪ್ಪುಗಟ್ಟಿದ ಶತ್ರುವಿನ ಮೇಲೆ ಒಂದೂ ಬಿಡದೆ ಕ್ರಿಟ್ ಹೊಡೆಯುತ್ತದೆ. ಅದಕ್ಕೆ ರೇಟ್ ಸರ್ಕ್ಲೆಟ್ ಬೇರೆ ಹಾಕಿದರೆ ಎಲ್ಲಾ ನೀರಿನಲ್ಲಿ ಮಾಡಿದ ಹೋಮ, ಯಾಕೆಂದರೆ 100% ದಾಟಿದ ರೇಟ್ ಅಲ್ಲಿ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಹಾಗಂತ ಬರೀ ಒಳ್ಳೆಯ ಸಂದರ್ಭಕ್ಕೇ ಬಿಲ್ಡ್ ಕಟ್ಟಬೇಡಿ. ಹೆಪ್ಪುಗಟ್ಟದ ಬಾಸ್‌ಗಳಿದ್ದಾರೆ. ಅವರ ಮೇಲೆ ಕೊನೆಯ 20% ಸಿಗುವುದಿಲ್ಲ, ಅದೇ ಪಾತ್ರ 80%ಗೆ ಇಳಿಯುತ್ತದೆ. 80% ಕೆಟ್ಟದ್ದೇನಲ್ಲ. ಆದರೆ ಆ ಎರಡು ಅಂಕಿ ನಿಮಗೆ ಮೊದಲೇ ಗೊತ್ತಿರಬೇಕು. ನಾನು ಒಂದು ಚೀಟಿಯಲ್ಲಿ ಮೂರು ಸಾಲು ಬರೆದಿಟ್ಟುಕೊಳ್ಳುತ್ತೇನೆ: ಪರದೆಯಲ್ಲಿ ಎಷ್ಟು, ಎಲ್ಲಾ ಬಫ್ (ಹೊಡೆದಾಟದಲ್ಲಿ ಸಿಗುವ ತಾತ್ಕಾಲಿಕ ಏರಿಕೆ) ಇದ್ದಾಗ ಎಷ್ಟು, ಬಾಸ್ ಮುಂದೆ ಎಷ್ಟು. ಮೂರನೇ ಸಾಲನ್ನು ಹಿಡಿದು ಲೆಕ್ಕ ಹಾಕುತ್ತೇನೆ, ಯಾಕೆಂದರೆ ನಾನು ಸೋಲುವುದು ಅಲ್ಲೇ.

ಹಂತ 7: ಅಟ್ಯಾಕ್ ಜೊತೆ ತೂಗಿ ನೋಡಿ

ಕ್ರಿಟ್ ಹಿಂದೆ ಬಿದ್ದವರು ಅಟ್ಯಾಕ್ (ಏಟಿನ ಮೂಲ ಬಲ) ಮರೆಯುತ್ತಾರೆ. ಗೆನ್ಶಿನ್‌ನದೇ ಅಂಕಿ ಇಟ್ಟುಕೊಂಡು ನೋಡೋಣ. ಪಾತ್ರ ಮತ್ತು ಆಯುಧ ಸೇರಿ ಮೂಲ ಅಟ್ಯಾಕ್ 900. ಗೇರ್ ಎಲ್ಲ ಸೇರಿ 1800. ಅಟ್ಯಾಕ್‌ನ ಒಂದು ಒಳ್ಳೆಯ ರೋಲ್ 5.8%. ಅದು ಮೂಲದ ಮೇಲೆ ಲೆಕ್ಕ, ಹಾಗಾಗಿ 52 ಅಂಕ ಸೇರುತ್ತದೆ. 1800ರ ಮೇಲೆ 52 ಅಂದರೆ 2.9% ಲಾಭ. ಅದೇ ಪಾತ್ರ 60/120ರಲ್ಲಿದ್ದರೆ ಒಂದು ಕ್ರಿಟ್ ರೋಲ್ ಗುಣಕವನ್ನು 1.72ರಿಂದ 1.767ಕ್ಕೆ ಏರಿಸುತ್ತದೆ, ಅಂದರೆ 2.7%. ನೋಡಿ, ಎಲ್ಲರೂ ಬಿಸಾಕುವ ಅಟ್ಯಾಕ್ ರೋಲ್ ಇಲ್ಲಿ ಕೂದಲೆಳೆಯಷ್ಟು ಮುಂದಿದೆ.

ಈಗ ತಂಡದ ಸಪೋರ್ಟ್ ಬಂದು ಅಟ್ಯಾಕ್ ಅನ್ನು 2400ಕ್ಕೆ ಏರಿಸಿದ. ಅದೇ 52 ಅಂಕ ಈಗ 2.2% ಮಾತ್ರ. ಕ್ರಿಟ್ ರೋಲ್ ಹಾಗೇ 2.7%. ತಕ್ಕಡಿ ತಿರುಗಿತು. ಅಂದರೆ ಯಾವ ಸ್ಟ್ಯಾಟ್ ಒಳ್ಳೆಯದು ಅನ್ನುವುದು ನಿಮ್ಮ ಪಾತ್ರದಲ್ಲಿ ಮಾತ್ರ ಇಲ್ಲ, ಪಕ್ಕದಲ್ಲಿ ಯಾರು ನಿಂತಿದ್ದಾರೆ ಅನ್ನುವುದರಲ್ಲೂ ಇದೆ.

ಹೊಸದಾಗಿ ಬೆಳೆಸುತ್ತಿರುವ ಪಾತ್ರ ಆದರೆ? 20/70 ಇದ್ದು, ಮೂಲ ಅಟ್ಯಾಕ್ 900, ಒಟ್ಟು 1200 ಅನ್ನೋಣ. ಗುಣಕ 1.14. ಒಂದು ರೇಟ್ ರೋಲ್‌ಗೆ 2.4% ಲಾಭ, ಒಂದು ಡ್ಯಾಮೇಜ್ ರೋಲ್‌ಗೆ 1.4%, ಒಂದು ಅಟ್ಯಾಕ್ ರೋಲ್‌ಗೆ 4.3%. ಶುರುವಿನಲ್ಲಿ ಅಟ್ಯಾಕ್ ಹಾಕಿ, ಆಮೇಲೆ ಕ್ರಿಟ್‌ಗೆ ಬನ್ನಿ ಅಂತ ಹಳಬರು ಹೇಳುವುದು ಸುಮ್ನೆ ಅಲ್ಲ.

ಹಂತ 8: ಸರಾಸರಿ ಹೇಳದೇ ಇರುವುದು

ಇಲ್ಲಿಯವರೆಗೆ ಎಲ್ಲವೂ ಸರಾಸರಿ. ಆದರೆ ಯಾವ ಬಾಸೂ ಸರಾಸರಿಗೆ ಸಾಯುವುದಿಲ್ಲ. ಅವತ್ತು ಬಿದ್ದ ಏಟಿಗೆ ಸಾಯುತ್ತಾನೆ.

ಒಟ್ಟು ವ್ಯಾಲ್ಯೂ 240 ಇರುವ ಎರಡು ಬಿಲ್ಡ್ ತೆಗೆದುಕೊಳ್ಳಿ. ಒಂದು 45/150, ಇನ್ನೊಂದು 75/90. ಎರಡಕ್ಕೂ ಗುಣಕ 1.675, ಒಂದು ಕೂದಲೂ ವ್ಯತ್ಯಾಸವಿಲ್ಲ. ಆದರೆ ನಿಮ್ಮ ಪಾತ್ರ ಒಂದು ಹೋರಾಟದಲ್ಲಿ ಮೂರೇ ದೊಡ್ಡ ಏಟು ಹೊಡೆಯುತ್ತದೆ ಅಂದುಕೊಳ್ಳಿ. 45% ಇದ್ದವನಿಗೆ ಮೂರರಲ್ಲಿ ಒಂದೂ ಕ್ರಿಟ್ ಆಗದೇ ಇರುವ ಸಾಧ್ಯತೆ 16.6%, ಅಂದರೆ ಆರು ಸಲ ಆಡಿದರೆ ಹತ್ತಿರ ಹತ್ತಿರ ಒಂದು ಸಲ ಪೂರ್ತಿ ಕೈಕೊಡುತ್ತದೆ. 75% ಇದ್ದವನಿಗೆ ಅದು 1.6% ಮಾತ್ರ. ನೆಮ್ಮದಿ ಬೇಕಿದ್ದರೆ ಎರಡನೆಯದು.

ಆದರೆ ನೀವು ಗಡಿಯಾರದ ಜೊತೆ ಓಡುವವರಾಗಿದ್ದು, ಸರಿಯಾಗದಿದ್ದರೆ ಮತ್ತೆ ಶುರು ಮಾಡಲು ಸಿದ್ಧರಿದ್ದರೆ ಕಥೆ ಉಲ್ಟಾ. ಮೂರೂ ಕ್ರಿಟ್ ಆದಾಗ 45/150 ಒಟ್ಟು 7.5 ಪಟ್ಟು ಕೊಡುತ್ತದೆ, 75/90 ಕೊಡುವುದು 5.7 ಪಟ್ಟು. ಮೊದಲನೆಯದು ಸುಮಾರು 9% ಸಲ ಮಾತ್ರ ಬರುತ್ತದೆ, ಆದರೆ ಅವರಿಗೆ ಬೇಕಾಗಿರುವುದು ಆ ಒಂದೇ ಸಲ. ದಾಖಲೆಯ ವಿಡಿಯೋಗಳಲ್ಲಿ ಕಾಣುವ ವಿಪರೀತ ಕ್ರಿಟ್ ಡ್ಯಾಮೇಜ್ ನೋಡಿ ನಕಲು ಮಾಡುವ ಮುಂಚೆ, ಆ ವಿಡಿಯೋ ಎಷ್ಟನೇ ಪ್ರಯತ್ನದ್ದು ಅಂತ ಯೋಚಿಸಿ.

ಸೆಕೆಂಡಿಗೆ ಹತ್ತು ಸಣ್ಣ ಏಟು ಹೊಡೆಯುವ ಪಾತ್ರಕ್ಕೆ ಈ ಚಿಂತೆ ಬೇಡ. ನೂರಾರು ಏಟಿನಲ್ಲಿ ಅದೃಷ್ಟ ತಾನಾಗಿ ಸಮವಾಗುತ್ತದೆ.

ಇನ್ನೊಂದು ವಿಷಯವನ್ನು ಬಹಳಷ್ಟು ಗೈಡ್‌ಗಳು ಮುಟ್ಟುವುದೇ ಇಲ್ಲ: ಎಷ್ಟು ಏಟಿಗೆ ಸಾಯುತ್ತದೆ ಅನ್ನುವ ಲೆಕ್ಕ. ಶತ್ರುವಿನ ಎಚ್‌ಪಿ (ಪ್ರಾಣಬಲ) 1000. ನಿಮ್ಮ ಮಾಮೂಲಿ ಏಟು 500. ಕ್ರಿಟ್ ಇಲ್ಲದೆ ಎರಡು ಏಟು. ಈಗ ಕ್ರಿಟ್ ಡ್ಯಾಮೇಜ್ 60% ಇದೆ, ಕ್ರಿಟ್ ಆದರೆ 800. ಆದರೂ ಎರಡು ಏಟೇ ಬೇಕು! ರೇಟ್ 10% ಇರಲಿ, 100% ಇರಲಿ, ಒಂದು ಏಟೂ ಉಳಿಯಲಿಲ್ಲ. ಸೂತ್ರದ ಪ್ರಕಾರ ಗುಣಕ 1.6ರವರೆಗೆ ಏರಿದೆ, ಆಟದಲ್ಲಿ ಸಿಕ್ಕಿದ್ದು ಸೊನ್ನೆ. ಡ್ಯಾಮೇಜ್ 100% ಮುಟ್ಟಿದ ಕ್ಷಣ ಕ್ರಿಟ್ ಏಟು 1000 ಆಗುತ್ತದೆ, ಒಂದೇ ಏಟಿಗೆ ಶತ್ರು ಮಟಾಷ್. ಟರ್ನ್ ಆಧಾರಿತ ಆಟಗಳಲ್ಲಿ, ಸಣ್ಣ ಶತ್ರುಗಳ ಗುಂಪು ಬರುವ ಕಡೆ ಈ ಗಡಿಗಳೇ ಮುಖ್ಯ. ಎಚ್‌ಪಿ ಲಕ್ಷಗಟ್ಟಲೆ ಇರುವ ಬಾಸ್‌ಗೆ ಸರಾಸರಿ ಸಾಕು.

ಖಚಿತ ಕ್ರಿಟ್ ಸಿಗುವ ದಾರಿ ಇದ್ದರೆ ಅದನ್ನು ಪ್ರತ್ಯೇಕವಾಗಿ ತೂಗಿ. ಈಗಿನ ಪೋಕೆಮಾನ್ ಆಟಗಳಲ್ಲಿ ಮಾಮೂಲಿ ಕ್ರಿಟ್ 24ರಲ್ಲಿ ಒಂದು ಸಲ. ಫೋಕಸ್ ಎನರ್ಜಿ ಎರಡು ಮೆಟ್ಟಿಲು ಏರಿಸುತ್ತದೆ, ಅದರಿಂದ ಎರಡರಲ್ಲಿ ಒಂದು. ಜೊತೆಗೆ ಸ್ಕೋಪ್ ಲೆನ್ಸ್ ಅನ್ನೋ ವಸ್ತು ಹಿಡಿದರೆ ಮೂರನೇ ಮೆಟ್ಟಿಲು, ಪ್ರತಿ ಏಟೂ ಕ್ರಿಟ್. ಒಂದೂವರೆ ಪಟ್ಟು ಏಟು ಬೀಳುವುದರ ಜೊತೆಗೆ, ಎದುರಾಳಿ ಏರಿಸಿಕೊಂಡ ಡಿಫೆನ್ಸ್ ಅನ್ನೂ ಕ್ರಿಟ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 1996ರ ಆ ಮೂವ್ ಕೊನೆಗೂ ಮಾನ ಉಳಿಸಿಕೊಂಡಿದೆ.

ನೆನಪಿಡಿ, ಕ್ರಿಟ್ ಎರಡೂ ಕಡೆಗೆ ಕೆಲಸ ಮಾಡುವ ಆಟಗಳಿವೆ. ಫೈರ್ ಎಂಬ್ಲೆಮ್‌ನಲ್ಲಿ ಕ್ರಿಟ್ ಅಂದರೆ ಮೂರು ಪಟ್ಟು. ಶತ್ರುವಿನ 3% ಕ್ರಿಟ್ ಅಂತ ಸಸಾರ ಮಾಡಿ ಒಂದು ಒಳ್ಳೆಯ ಪಾತ್ರ ಕಳೆದುಕೊಂಡವರಲ್ಲಿ ನಾನೂ ಒಬ್ಬ.

ಹಂತ 9: ಹೊಡೆದು ನೋಡಿ, ಎಣಿಸಿ

ಲೆಕ್ಕ ಮುಗಿದ ಮೇಲೆ ಪರೀಕ್ಷೆ. ಅಭ್ಯಾಸಕ್ಕೆ ಹೊಡೆಯಲು ಸಾಯದ ಗೊಂಬೆ ಇರುವ ಆಟವಾದರೆ ಅದರ ಮುಂದೆ ನಿಂತುಕೊಳ್ಳಿ. ಇಲ್ಲದಿದ್ದರೆ ಎಚ್‌ಪಿ ಜಾಸ್ತಿ ಇದ್ದು ನಿಧಾನವಾಗಿ ಓಡಾಡುವ ಶತ್ರು ಹುಡುಕಿ. ಒಂದೇ ಬಗೆಯ ಏಟು ಹೊಡೆಯಿರಿ, ಕಾಂಬೊ (ಬೇರೆ ಬೇರೆ ಏಟಿನ ಸರಣಿ) ಬೇಡ. ಪರದೆ ರೆಕಾರ್ಡ್ ಮಾಡಿಕೊಂಡು ಆಮೇಲೆ ಎಣಿಸಿ, ಹೊಡೆಯುತ್ತಾ ಎಣಿಸಿದರೆ ತಪ್ಪುತ್ತದೆ. ಮೊದಲು ಒಂದು ಕ್ರಿಟ್ ಏಟನ್ನು ಮಾಮೂಲಿ ಏಟಿನಿಂದ ಭಾಗಿಸಿ. 1000 ಮತ್ತು 2200 ಬಂದರೆ ಕ್ರಿಟ್ ಡ್ಯಾಮೇಜ್ 120%. ಇದು ಎರಡೇ ಏಟಿನಲ್ಲಿ ತಿಳಿಯುತ್ತದೆ.

ರೇಟ್ ತಿಳಿಯಲು ತಾಳ್ಮೆ ಬೇಕು. 50% ರೇಟ್ ಇರುವ ಪಾತ್ರ 100 ಏಟು ಹೊಡೆದರೆ 40ರಿಂದ 60ರ ನಡುವೆ ಎಷ್ಟು ಕ್ರಿಟ್ ಬಂದರೂ ಅದು ಸಹಜ. 400 ಏಟು ಹೊಡೆದರೆ ಆ ಅಂತರ 45%ರಿಂದ 55%ಗೆ ಕುಗ್ಗುತ್ತದೆ. ಹತ್ತು ಏಟಿನಲ್ಲಿ ಮೂರೇ ಕ್ರಿಟ್ ಬಂತು ಅಂತ ಗೇರ್ ಕಿತ್ತೆಸೆದರೆ ನಷ್ಟ ನಿಮಗೇ.

ಇನ್ನೊಂದು ವಿಚಿತ್ರವೂ ಕಾಣಬಹುದು. ಕೆಲವು ಆಟಗಳು ಪ್ರತಿ ಏಟಿಗೂ ಹೊಸದಾಗಿ ನಾಣ್ಯ ಚಿಮ್ಮುವುದಿಲ್ಲ. ಡೋಟಾ 2ರಲ್ಲಿ 25% ಅಂತ ಬರೆದಿರುವ ಕ್ರಿಟ್, ಮೊದಲ ಏಟಿಗೆ ಸುಮಾರು 8.5% ಸಾಧ್ಯತೆಯಿಂದ ಶುರುವಾಗುತ್ತದೆ. ತಪ್ಪಿದರೆ ಮುಂದಿನದಕ್ಕೆ 17%, ಆಮೇಲೆ 25% ದಾಟುತ್ತದೆ, ಹೀಗೆ ಏರುತ್ತಾ ಹೋಗಿ ಕ್ರಿಟ್ ಆದ ಕೂಡಲೇ ಕೆಳಗಿಳಿಯುತ್ತದೆ. ಒಟ್ಟಾರೆ ಸರಾಸರಿ 25%ಗೇ ಬರುತ್ತದೆ, ಆದರೆ ಸಾಲಾಗಿ ಕ್ರಿಟ್ ಬೀಳುವುದು ಅಪರೂಪ, ಸಾಲಾಗಿ ತಪ್ಪುವುದೂ ಅಪರೂಪ. ನಿಮ್ಮ ಎಣಿಕೆಯಲ್ಲಿ ಕ್ರಿಟ್‌ಗಳು ವಿಪರೀತ ಸಮನಾಗಿ ಹರಡಿಕೊಂಡಿದ್ದರೆ ಇಂಥದ್ದೇ ಏನೋ ಒಳಗೆ ನಡೆಯುತ್ತಿರಬಹುದು. ಅಂಥ ಆಟದಲ್ಲಿ ಹಂತ 8ರ 'ಮೂರರಲ್ಲಿ ಒಂದೂ ಆಗದ' ಲೆಕ್ಕವನ್ನು ಹಾಗೇ ಎತ್ತಿ ಇಡಬೇಡಿ, ಅಲ್ಲಿ ನಿಮ್ಮ ರೆಕಾರ್ಡಿಂಗ್‌ನ ಎಣಿಕೆಯೇ ಅಂತಿಮ.